ಬಿಳಿ ಕುರ್ತಾ ಮೇಲೆ ಕಲೆ

"ಕುತ್ತಿಗೆಯ ಪಟ್ಟಿ ಹತ್ತಿರ ಏನೋ ಹಳದಿ ಕಾಣುತ್ತಿದೆ. ಕನ್ನಡಿಯ ದೋಷವಿರಬೇಕು."

ಬೆಳಗ್ಗೆ ಹತ್ತೂವರೆಗೆ ಡೈರಿಯಲ್ಲಿ ಇಷ್ಟು ಬರೆದು ಪುಟ್ಟಿ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು. "ಕನ್ನಡಿಯ ದೋಷ" ಎಂಬುದನ್ನು ಹೊಡೆದುಹಾಕಿ "ಕಣ್ಣಿನ ದೋಷ" ಎಂದು ಬರೆದಳು. ಕುರ್ತಾವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅದನ್ನೂ ಹೊಡೆದು, "ನನ್ನ ದೋಷ" ಎಂದು ಬರೆದಳು. ಆ ಪುಟದಲ್ಲಿ ನಿಜ ಅಂತ ಉಳಿದದ್ದು ಅದೊಂದೇ.

ಕುರ್ತಾ ಅವಳದಲ್ಲ, ಅಕ್ಕನದು. ಅಕ್ಕ ಬಟ್ಟೆ ಒಗೆಯುವ ಪುಡಿ ತಯಾರಿಸುವ ಕಂಪನಿಯಲ್ಲಿ ಮಾರಾಟದ ವಿಭಾಗದವಳು. ನಾಳೆ ಮುನ್ನೂರು ಜನ ಅಂಗಡಿ ಮಾಲೀಕರ ಮುಂದೆ ವೇದಿಕೆ ಹತ್ತಿ, ಇದೇ ಹಾಲುಬಿಳಿ ಕುರ್ತಾ ತೊಟ್ಟು, ಎರಡು ಕೈ ಅಗಲ ಮಾಡಿ, "ನಮ್ಮ ಪುಡಿ ಇರೋ ಮನೇಲಿ ಕಲೆಗೆ ಜಾಗ ಇಲ್ಲ!" ಎಂದು ಹೇಳುವುದು ಅವಳ ಪಾಲಿಗೆ ಬಂದಿತ್ತು. ಚೆನ್ನಾಗಿ ಹೇಳಿದರೆ ವಿಭಾಗದ ಮುಖ್ಯಸ್ಥೆ. ಎಡವಿದರೆ ಇನ್ನೂ ಐದು ವರ್ಷ ಅಂಗಡಿಯಿಂದ ಅಂಗಡಿಗೆ ಚೀಲ ಹೊತ್ತು ತಿರುಗಬೇಕು. ತಿಂಗಳಿಂದ ಕನ್ನಡಿ ಮುಂದೆ ಅದೇ ಮಾತು, ಅದೇ ಕೈ. ಅಕ್ಕ ತಂಗಿ ಇಬ್ಬರೇ ಇದ್ದ ಮನೆ. ಪುಟ್ಟಿಗೆ ನಿದ್ದೆಯಲ್ಲಿ ಎಬ್ಬಿಸಿದರೂ ಆ ಭಾಷಣ ಬರುತ್ತಿತ್ತು. ಏನು ಮಾಡುವುದು, ಪುಟ್ಟಿಗೆ ಬರುವ ಮಾತೆಲ್ಲ ಬಾಯಿಗೆ ಬರದೆ ಡೈರಿಗೆ ಹೋಗುತ್ತಿತ್ತು.

ಅಂಥವಳು ಅಕ್ಕನನ್ನು ಕೇಳದೆ ಆ ಕುರ್ತಾ ತೊಟ್ಟದ್ದು ಬರೀ ಅರ್ಧ ಗಂಟೆಗೆ. ಲೈಬ್ರರಿಯೊಂದರ ಕೆಲಸದ ಅರ್ಜಿಗೆ ಫೋಟೋ ಬೇಕಿತ್ತು. ಅವಳ ಬಟ್ಟೆಗಳೋ, ಒಂದಕ್ಕಿಂತ ಒಂದು ಮಬ್ಬು. ಗೋಡೆಯ ಪಕ್ಕ ನಿಂತರೆ ಗೋಡೆಯೇ ಎದ್ದು ಕಾಣುತ್ತಿತ್ತು. ಬಿಳಿ ತೊಟ್ಟರೆ ಮುಖಕ್ಕೆ ಸ್ವಲ್ಪ ಕಳೆ ಬಂದೀತು ಅಂದುಕೊಂಡಳು. ಬಿಸಿಲಿಗೆ ಮುಖ ಕಪ್ಪಾದರೆ ಬಂದ ಕಳೆಯೂ ಹೋದೀತು ಎಂದು ಸನ್‌ಸ್ಕ್ರೀನ್ ಹಚ್ಚಲು ಹೊರಟಳು. ಟ್ಯೂಬು ಮುಗಿಯುತ್ತ ಬಂದಿತ್ತು. ಎರಡು ಕೈಯಲ್ಲಿ ಹಿಂಡಿದ್ದೇ ತಡ, ತಿಂಗಳಿಡೀ ಒಳಗೆ ಅಡಗಿ ಕೂತಿದ್ದದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಚೆಲ್ಲಲು ಮನಸ್ಸಾಗದೆ ಮುಖ, ಕಿವಿ, ಕುತ್ತಿಗೆ, ಮುಂಗೈ ಎಲ್ಲದಕ್ಕೂ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡು ಹೋದಳು. ಫೋಟೋ ಸ್ಟುಡಿಯೋದವನ ಪರದೆಯೂ ಬಿಳಿ. ಫೋಟೋದಲ್ಲಿ ಬರೀ ತಲೆ ಬಂದಿತ್ತು, ಗಾಳಿಯಲ್ಲಿ ತೇಲುವ ಬಲೂನಿನ ಹಾಗೆ.

ಇರಲಿ. ಈಗ ಕುತ್ತಿಗೆ ಪಟ್ಟಿಯಲ್ಲಿ ಒಂದು ಹಳದಿ ಗೆರೆ, ತೋಳಿನ ತುದಿಯಲ್ಲಿ ಎರಡು. ಅಕ್ಕ ಬರುವುದು ಆರಕ್ಕೆ. ಕಲೆ ಹೋಗುವುದು ಹೇಗೆಂದು ಬಲ್ಲವಳು ಲೋಕದಲ್ಲಿ ಅಕ್ಕ ಒಬ್ಬಳೇ. ಕೇಳಬಾರದವಳೂ ಅವಳೊಬ್ಬಳೇ.

ಪುಟ್ಟಿ ಕುರ್ತಾವನ್ನು ಬಕೆಟ್ಟಿಗೆ ಹಾಕಿ ನಲ್ಲಿ ತಿರುಗಿಸಿದಳು. ನೀರು ತಾಕಿದ್ದೇ ಹಳದಿ ಗೆರೆ ಕಿತ್ತಳೆಯಾಯಿತು. ಗಾಬರಿಯಾಗಿ ಅಕ್ಕನ ಕಪಾಟು ತೆಗೆದಳು. ಅಲ್ಲಿ ಕಂಪನಿಯ ಸ್ಯಾಂಪಲ್ ಪೊಟ್ಟಣಗಳ ರಾಶಿ. ಒಂದು ಸಾಕು ಎಂದು ಪೊಟ್ಟಣದ ಮೇಲೆ ಬರೆದಿತ್ತು. ತಪ್ಪು ದೊಡ್ಡದಾದ್ದರಿಂದ ಅವಳು ಹನ್ನೆರಡು ಹಾಕಿದಳು. ನೊರೆ ಬಕೆಟ್ಟು ತುಂಬಿತು, ಬಚ್ಚಲು ತುಂಬಿತು, ಹಜಾರ ದಾಟಿ ಮುಂಬಾಗಿಲ ಕೆಳಗಿನ ಸಂದಿಯಿಂದ ಮೆಲ್ಲಗೆ ಹೊರಗೆ ನಡೆಯಿತು.

ಬಾಗಿಲು ದಬದಬ ಬಡಿದ ಸದ್ದಾಯಿತು. ಎದುರು ಮನೆಯ ಆಂಟಿ. ಬೇರೆಯವರ ಮನೆಯಲ್ಲಿ ಚಮಚ ಬಿದ್ದರೂ ಇವರ ಮನೆಯಲ್ಲಿ ಕಿವಿ ಏಳುತ್ತಿತ್ತು.

"ಏನೇ ಮೌನಗೌರಿ, ಮೋಡ ಏನಾದ್ರೂ ನಿಮ್ಮನೇಲಿ ಇಳಿದುಬಿಡ್ತಾ?"

ಪುಟ್ಟಿ ಬಾಯಿ ತೆರೆದಳು. ಆಂಟಿ ಉತ್ತರಕ್ಕೆ ಕಾಯಲಿಲ್ಲ. ಸೀರೆ ಎತ್ತಿ ಕಟ್ಟಿ ನೊರೆಯಲ್ಲಿ ಕೈಯಾಡಿಸಿ ಕುರ್ತಾ ಮೇಲೆತ್ತಿದರು.

"ಅಯ್ಯಯ್ಯೋ! ನಿಮ್ಮಕ್ಕಂದಲ್ವಾ ಇದು? ನಾಳೆ ಹಾಕ್ಕೊಳ್ಳೋದು? ಏನು ಚೆಲ್ಕೊಂಡೆ?"

"ಸನ್‌ಸ್ಕ್ರೀನು."

"ಮನೆ ಬಿಟ್ಟು ಹೊರಗೇ ಹೋಗದವಳಿಗೆ ಸನ್‌ಸ್ಕ್ರೀನ್ ಯಾಕೆ ಬೇಕಿತ್ತು? ಹೋಗ್ಲಿ ಬಿಡು, ಅಳಬೇಡ. ನಾನಿದೀನಲ್ಲ. ನಮ್ಮನೇಲಿ ಬ್ಲೀಚ್ ಇದೆ. ನಮ್ಮ ಯಜಮಾನರ ಶರ್ಟಿನ ಕಲೆ ತೆಗ್ದಿದೀನಿ, ನೋಡ್ತಾ ಇರು."

"ಆಂಟಿ, ಒಂದು ನಿಮಿಷ, ಬ್ಲೀಚ್ ಅಂದ್ರೆ..."

ಆಂಟಿ ಆಗಲೇ ಹೋಗಿ ಬಂದಾಗಿತ್ತು. ಬಾಟಲಿಯ ಮುಚ್ಚಳದಲ್ಲಿ ಅಳೆದು ಹಾಕುವ ಜಾತಿಯಲ್ಲ ಅವರು. ಗಳಗಳ ಸುರಿದರು. ಇಬ್ಬರೂ ಬಕೆಟ್ಟಿನ ಮೇಲೆ ಬಗ್ಗಿ, ಅನ್ನ ಬೆಂದಿತಾ ಎಂದು ನೋಡುವವರ ಹಾಗೆ ಕಾದರು. ಕಿತ್ತಳೆ ಬಣ್ಣ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಬಹುಪಾಲು ಗುಲಾಬಿಯಾಗಿ ಎದೆಯವರೆಗೂ ಹರಡಿತು.

"ಬಣ್ಣ ಬದಲಾಯ್ತು ನೋಡು!" ಎಂದರು ಆಂಟಿ, ಗೆದ್ದವರ ದನಿಯಲ್ಲಿ.

"ಆಂಟಿ, ಬಿಳಿ ಆಗ್ಬೇಕಿತ್ತು."

"ಒಂದೇ ಸಲಕ್ಕೆ ಎಲ್ಲಾ ಆಗ್ಬೇಕು ಅಂದ್ರೆ ಹೇಗೆ? ಈಗಿನ ಹುಡುಗೀರಿಗೆ ತಾಳ್ಮೆನೇ ಇಲ್ಲ."

ಪುಟ್ಟಿ ಕೋಣೆಗೆ ಹೋಗಿ ಡೈರಿ ತೆರೆದಳು. "ಗಣಪನ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾಯಿತು. ಈಗ ಅವರಪ್ಪನ ಬಣ್ಣ ಗುಲಾಬಿ." ಬರೆದು ಮುಗಿಸುವಷ್ಟರಲ್ಲಿ ಹಜಾರದಲ್ಲಿ ಇನ್ನೊಂದು ದನಿ ಕೇಳಿಸಿತು. ಮೇಲಿನ ಮಹಡಿಯ ಕೆಮಿಸ್ಟ್ರಿ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಯಾರಾದರೂ ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದವರು. ಆಂಟಿ ಮೆಟ್ಟಿಲಲ್ಲಿ ಹಿಡಿದು ಎಳೆದುಕೊಂಡು ಬಂದಿದ್ದರು.

ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಸನ್‌ಸ್ಕ್ರೀನು. ಜಿಡ್ಡು ಒಂದು, ಜಿಡ್ಡಿನೊಳಗಿನ ರಾಸಾಯನಿಕ ಇನ್ನೊಂದು. ನಮ್ಮ ಕಟ್ಟಡದ ಬೋರ್ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ. ಎರಡೂ ಸೇರಿದ್ರೆ ತುಕ್ಕಿನ ಬಣ್ಣ. ಸೋ, ಮೊದಲು ಮಾಡಬಾರದ್ದು ಏನು?"

ಯಾರಾದರೂ ಕೈ ಎತ್ತುತ್ತಾರೆಯೇ ಎಂದು ನೋಡಿ, ತಾವೇ ಹೇಳಿದರು.

"ನಲ್ಲಿ ನೀರಲ್ಲಿ ನೆನೆಸಬಾರದು."

ಪುಟ್ಟಿ ತಲೆ ತಗ್ಗಿಸಿದಳು.

"ಎರಡನೇದು, ಪ್ರಾಣ ಹೋದ್ರೂ ಬ್ಲೀಚ್ ಹಾಕಬಾರದು. ಹಾಕಿದ್ರೆ ಕೆಂಪಾಗುತ್ತೆ. ಹಾಕಿಲ್ಲ ತಾನೆ?"

ಆಂಟಿ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

"ಪರವಾಗಿಲ್ಲ," ಎಂದರು ಮೇಷ್ಟ್ರು. ಎಂಟು ವರ್ಷದ ಮೇಲೆ ಸಿಕ್ಕ ತರಗತಿ, ಬಿಟ್ಟಾರೆಯೆ? "ಮೊದಲು ಚೆನ್ನಾಗಿ ಜಾಲಿಸಿ ಬ್ಲೀಚೆಲ್ಲ ಹೋಗಬೇಕು. ಆಮೇಲೆ ಪಾತ್ರೆ ತೊಳೆಯೋ ಸೋಪು ಹಚ್ಚಿ ಜಿಡ್ಡು ಬಿಡಿಸೋದು. ಆಮೇಲೆ ನಿಂಬೆರಸ, ಉಪ್ಪು. ಕಬ್ಬಿಣ ತಾನಾಗಿ ಕಾಲು ಕೀಳುತ್ತೆ. ಕೊನೆಗೆ ಫಿಲ್ಟರ್ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸೋದು. ಬಿಸಿ ಮಾತ್ರ ತೋರಿಸಬಾರದು. ಬಿಸಿ ತಾಗಿದ್ರೆ ಕಲೆ ಮನೆ ಕಟ್ಕೊಂಡು ಕೂತ್ಬಿಡುತ್ತೆ."

ಮನೆಯಲ್ಲಿ ಇದ್ದದ್ದು ಅರ್ಧ ನಿಂಬೆಹಣ್ಣು. ಜಾಲಿಸಿ, ಸೋಪು ಹಚ್ಚಿ ತೊಳೆದು, ಎದೆಯ ಭಾಗದಲ್ಲಿ ಮೇಷ್ಟ್ರು ತಾವೇ ಅದನ್ನು ಹಿಂಡಿ, ಉಪ್ಪು ಉದುರಿಸಿ, ಕಾಲು ಗಂಟೆ ಬಿಟ್ಟು ಫಿಲ್ಟರ್ ನೀರಲ್ಲಿ ತೊಳೆದರು. ಪವಾಡ! ಗುಲಾಬಿಯ ನಡುವೆ ಕಾಸಗಲ ಜಾಗ ಹುಣ್ಣಿಮೆ ಚಂದ್ರನ ಹಾಗೆ ಬೆಳ್ಳಗೆ ಹೊಳೆಯಿತು.

ಪುಟ್ಟಿಯ ಕಣ್ಣಲ್ಲಿ ನೀರು ಬಂತು. "ಸಾರ್! ಹೋಗುತ್ತೆ ಸಾರ್!"

ಇಡೀ ದಿನದಲ್ಲಿ ಅವಳು ಆಡಿದ ಅತಿ ಜೋರಿನ ಮಾತು ಅದು. ಮೇಷ್ಟ್ರು ಎದೆಯುಬ್ಬಿಸಿ, "ಒಂದು ಡಜನ್ ನಿಂಬೆಹಣ್ಣು ಬೇಕು. ನಾನೇ ತರ್ತೀನಿ," ಎಂದು ಚಪ್ಪಲಿ ಮೆಟ್ಟಿದರು. ಪುಟ್ಟಿ ನೆಲದ ನೊರೆ ಬಳಿಯಲು ಕೂತಳು. ನೊರೆಗೆ ನೀರು ಹಾಕಿದರೆ ನೊರೆ ಹೆಚ್ಚುತ್ತದೆ ಎಂಬ ಜ್ಞಾನ ಅವಳಿಗೆ ಆಗ ಆಯಿತು. ಅದರ ಜೊತೆ ಜಗಳಾಡಿ ಬೆನ್ನು ನೆಟ್ಟಗೆ ಮಾಡಿಕೊಂಡು ನೋಡುತ್ತಾಳೆ, ಬಕೆಟ್ಟು ಖಾಲಿ. ಆಂಟಿಯೂ ಇಲ್ಲ.

ಎದುರು ಮನೆಯ ಬಾಗಿಲು ತೆರೆಯಿತು. ಆಂಟಿ ಕುರ್ತಾವನ್ನು ಎರಡು ಕೈಯಲ್ಲಿ ಆರತಿ ತಟ್ಟೆಯ ಹಾಗೆ ಹಿಡಿದು ಬಂದರು. ಸುಕ್ಕು ಒಂದಿಷ್ಟೂ ಇಲ್ಲ. ಬಿಸಿಬಿಸಿ ಹಬೆ ಏಳುತ್ತಿತ್ತು.

"ಒದ್ದೆ ಬಟ್ಟೇಲಿ ಕಲೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಕಣೇ. ಇಸ್ತ್ರಿ ಮಾಡಿ ತಂದೆ. ಈಗ ನೋಡು ಎಷ್ಟು ಚೆನ್ನಾಗಿ ಕಾಣುತ್ತೆ!"

ಕಾಣುತ್ತಿತ್ತು. ಗುಲಾಬಿಯ ಸುತ್ತ ಕಂದು ಅಂಚು ಕಟ್ಟಿತ್ತು. ಕುತ್ತಿಗೆಯಿಂದ ಕಿತ್ತಳೆ ನದಿಯೊಂದು ಇಳಿದು ಹೊಟ್ಟೆಯ ಹತ್ತಿರ ಕವಲೊಡೆದಿತ್ತು. ನಡುವೆ ಮೇಷ್ಟ್ರ ಚಂದ್ರ. ಡಜನ್ ನಿಂಬೆಹಣ್ಣಿನೊಂದಿಗೆ ಬಂದ ಮೇಷ್ಟ್ರು ಹಬೆಯನ್ನು ನೋಡಿದರು, ಆಂಟಿಯನ್ನು ನೋಡಿದರು, ನಿಂಬೆಹಣ್ಣನ್ನು ಮೇಜಿನ ಮೇಲಿಟ್ಟು, ಮಗು ಫೇಲಾದ ಅಪ್ಪನ ಹಾಗೆ ಮೆಟ್ಟಿಲು ಹತ್ತಿ ಹೋದರು.

ನಾಲ್ಕು ಗಂಟೆ. ಪುಟ್ಟಿ ಎಂಟು ನಿಂಬೆಹಣ್ಣು ಹಿಂಡಿದಳು. ಕಲೆ ಮಿಸುಕಲಿಲ್ಲ. ಕುರ್ತಾವನ್ನು ಬಾಲ್ಕನಿಯ ತಂತಿಗೆ ಹಾಕಿ, ಕೈ ಚೆಲ್ಲಿ ಕೂತು, ಕೊನೆಯ ದಾರಿಯೆಂದು ಫೋನು ತೆಗೆದಳು. ಕಟ್ಟಡದ ನಿವಾಸಿಗಳದೊಂದು ಗುಂಪಿತ್ತು. ಅದರಲ್ಲಿ ಅವಳು ಮೂರು ವರ್ಷದಲ್ಲಿ ಒಂದು ಅಕ್ಷರ ಬರೆದವಳಲ್ಲ. ಏಳು ಸಲ ಬರೆದು ಅಳಿಸಿ ಎಂಟನೇ ಸಲ ಕಳಿಸಿದಳು:

"ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ಬಿಳಿ ಕುರ್ತಾ ಮೇಲಿನ ಕಲೆ ಇದೆ. ಇದರ ಬಗ್ಗೆ ಬಲ್ಲವರು ದಯವಿಟ್ಟು ಸಂಜೆ ಆರರೊಳಗೆ ಬಂದು ನೋಡಬೇಕಾಗಿ ವಿನಂತಿ."

ಸ್ಟೇನು ಅಂತ ಬರೆದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪುಟ್ಟಿ ಕನ್ನಡ ಐಚ್ಛಿಕ ತೆಗೆದುಕೊಂಡ ಪದವೀಧರೆ.

ಐದು ನಿಮಿಷಕ್ಕೆ ಕರೆಗಂಟೆ ಸದ್ದಾಯಿತು. ನಿವಾಸಿಗಳ ಸಂಘದ ಸೆಕ್ರೆಟರಿ ಮೇಡಂ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಗುಂಡುಪಿನ್ನಿನ ಡಬ್ಬಿ, ಮುಖದಲ್ಲಿ ಮುಳುಗುವವರಿಗೆ ಮರದ ತುಂಡು ಸಿಕ್ಕ ಕಳೆ. ಅವತ್ತು ಸಂಜೆ ಕೆಳಗಿನ ಹಾಲಿನಲ್ಲಿ ನಿವಾಸಿಗಳ ಕಲಾ ಪ್ರದರ್ಶನವಿತ್ತು. ಆರು ವಾರ ಪ್ರಚಾರ ಮಾಡಿದ ಮೇಲೆ ಬಂದದ್ದು ಐದು ಚಿತ್ರ. ಐದೂ ಸೂರ್ಯಾಸ್ತ. ಐದೂ ಅವರ ಮನೆಯವರದೇ.

"ಎಲ್ಲಮ್ಮಾ ನಿನ್ನ ಕಲೆ?"

ಪುಟ್ಟಿ ಬಾಲ್ಕನಿಯ ಕಡೆ ತೋರಿಸಿದಳು. ಮೇಡಂ ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು.

"ಅಬ್ಬಾ! ಇದೆಲ್ಲ ನೀನೊಬ್ಬಳೇ ಮಾಡಿದ್ದಾ?"

ಸುಳ್ಳು ಹೇಳಿ ಪುಟ್ಟಿಗೆ ಅಭ್ಯಾಸವಿರಲಿಲ್ಲ. "ಶುರು ಮಾಡಿದ್ದು ನಾನು ಮೇಡಂ. ಗುಲಾಬಿ ಮಾತ್ರ ಆಂಟಿದು. ಆ ಬಿಳೀದು ಮೇಷ್ಟ್ರದು."

"ಸಾಮೂಹಿಕ ಪ್ರಯತ್ನ! ಎಷ್ಟು ಹೊತ್ತು ಹಿಡೀತು?"

"ಬೆಳಗ್ಗೆಯಿಂದ ಇದೇ ಮೇಡಂ. ಊಟಾನೂ ಮಾಡಿಲ್ಲ."

"ಎಂಥ ತಪಸ್ಸು! ನೀರಿಗೆ ಹಾಕಿದ್ರೆ ಹೋಗ್ಬಿಡುತ್ತಾ?"

"ಇಲ್ಲ ಮೇಡಂ. ಏನು ಮಾಡಿದ್ರೂ ಹೋಗಲ್ಲ."

"ಭೇಷ್! ಕಲೆ ಅಂದ್ರೆ ಹಾಗಿರ್ಬೇಕು," ಎಂದು ಮೇಡಂ ಕುರ್ತಾವನ್ನು ತಂತಿಯಿಂದ ಎಳೆದು ತೋಳಿಗೆ ಹಾಕಿಕೊಂಡು ನಡೆದೇಬಿಟ್ಟರು. ಡ್ರೈಕ್ಲೀನ್ ಮಾಡಿಸಲು ಒಯ್ಯುತ್ತಿದ್ದಾರೆ, ಯಾರೋ ಬಲ್ಲವರಿದ್ದಾರೆ ಎಂದೇ ಪುಟ್ಟಿ ನಂಬಿದಳು. ಅವರು ಹೋದ ಮೇಲೆ ಕೈ ಮುಗಿದು ಒಂದು ನಿಮಿಷ ನಿಂತಿದ್ದಳು ಕೂಡ.

ಐದೂವರೆಯಾದರೂ ಸುದ್ದಿಯಿಲ್ಲ. ಫೋನಿನ ಗುಂಪು ಮಾತ್ರ ಟಿಣ್ ಟಿಣ್ ಎನ್ನುತ್ತಿತ್ತು. ನೋಡಿದರೆ ಕುರ್ತಾದ ಫೋಟೋ. ಅದರ ಕೆಳಗೆ ಚಪ್ಪಾಳೆಯ ಚಿತ್ರಗಳ ಸಾಲು. ಪುಟ್ಟಿ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು.

ಹಾಲಿನಲ್ಲಿ ಐವತ್ತು ಜನ. ಐದು ಸೂರ್ಯಾಸ್ತಗಳ ನಡುವೆ, ಎರಡು ತೋಳು ಚಾಚಿ ಗುಂಡುಪಿನ್ನಿನಲ್ಲಿ ನೇತಾಡುತ್ತಿತ್ತು ಅಕ್ಕನ ಕುರ್ತಾ. ಕೆಳಗೊಂದು ಚೀಟಿ: 'ಬಿಳಿ ಕುರ್ತಾ ಮೇಲೆ ಕಲೆ.'

"ಇದು ಹೆಣ್ಣಿನ ಒಳಗಿನ ನೋವು," ಎನ್ನುತ್ತಿದ್ದರು ಒಬ್ಬರು.

"ನೋವೆಲ್ಲಿ ಬಂತ್ರೀ? ಮೇಲಿಂದ ನೋಡಿದ ನದಿ. ನೋಡಿ, ಇಲ್ಲಿ ಕವಲು."

"ನದೀಲಿ ಚಂದ್ರ ಬಿದ್ದಿದ್ದಾನೆ ನೋಡಿ, ಅದೇ ಪಾಯಿಂಟು."

"ಅದು ಚಂದ್ರ ಅಲ್ಲ, ಸಿಟ್ರಿಕ್ ಆಮ್ಲ," ಎಂದರು ಹಿಂದಿನಿಂದ ಕೆಮಿಸ್ಟ್ರಿ ಮೇಷ್ಟ್ರು. ಯಾರೂ ಕೇಳಿಸಿಕೊಳ್ಳಲಿಲ್ಲ.

"ಗುಲಾಬಿ ಬಣ್ಣ ನಂದು," ಎಂದು ಆಂಟಿ ಬಂದವರಿಗೆಲ್ಲ ಹೇಳುತ್ತಿದ್ದರು. ಅದನ್ನು ಎಲ್ಲರೂ ಕೇಳಿಸಿಕೊಂಡರು.

ತೀರ್ಪುಗಾರರು ಗಡ್ಡ ಬಿಟ್ಟ ಡ್ರಾಯಿಂಗ್ ಮೇಷ್ಟ್ರು. ಐದು ಸೂರ್ಯಾಸ್ತ ನೋಡಿ ಕಣ್ಣು ಮಂಜಾಗಿದ್ದ ಅವರು ಕುರ್ತಾದ ಮುಂದೆ ಹತ್ತು ನಿಮಿಷ ನಿಂತಿದ್ದರಂತೆ. ಪುಟ್ಟಿ ಅವರ ತೋಳು ಮುಟ್ಟಿ, "ಸಾರ್... ಅದು... ನಂದು..." ಎಂದಳು. ಇನ್ನೂ ಹೇಳಬೇಕಿತ್ತು.

"ಅವಳೇ! ಅವಳೇ ಕಲಾವಿದೆ!" ಎಂದು ಸೆಕ್ರೆಟರಿ ಮೇಡಂ ಕೂಗಿದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಐವತ್ತು ಜನ ಒಂದೇ ಕಡೆ ಸೇರಿದರೆ ಏನಾಗಬೇಕೋ ಅದೇ ಆಯಿತು. ಪುಟ್ಟಿ ಕಣ್ಣು ಬಿಡುವುದರೊಳಗೆ ಮೈಕಿನ ಪಕ್ಕ ನಿಂತಿದ್ದಳು, ಕೈಯಲ್ಲಿ ಮೊದಲ ಬಹುಮಾನದ ಗೋಡೆ ಗಡಿಯಾರ. ಅದರಲ್ಲಿ ಆರು ಹೊಡೆಯಲು ಎರಡು ನಿಮಿಷವಿತ್ತು.

"ನಾಲ್ಕು ಮಾತಾಡಮ್ಮ," ಎಂದರು ಮೇಡಂ.

ಪುಟ್ಟಿ ಮೈಕನ್ನು ನೋಡಿದಳು. ಮೈಕು ಪುಟ್ಟಿಯನ್ನು ನೋಡಿತು.

"ನೋಡಿ, ನಿಜವಾದ ಕಲಾವಿದರಿಗೆ ಮಾತೇ ಬೇಕಿಲ್ಲ," ಎಂದರು ಡ್ರಾಯಿಂಗ್ ಮೇಷ್ಟ್ರು, ಗದ್ಗದಿತರಾಗಿ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆ ಹಾಲಿನ ಬಾಗಿಲಲ್ಲಿ, ಸ್ಯಾಂಪಲ್ ಚೀಲ ಹೆಗಲಲ್ಲಿ ಹೊತ್ತು, ಅಕ್ಕ ನಿಂತಿದ್ದಳು.

ಅಕ್ಕ ಗೋಡೆ ನೋಡಿದಳು. ತನ್ನ ಬಟ್ಟೆ ತನಗೆ ಗುರುತು ಸಿಗದೆ ಇರುತ್ತದೆಯೇ? ಚೀಲ ಹೆಗಲಿಂದ ಜಾರಿ ಧಪ್ಪೆಂದು ಬಿತ್ತು. ಜನ ಸರಿದು ದಾರಿ ಬಿಟ್ಟರು. ಮೊದಲು ಅಕ್ಕನ ಮೂಗು ಕೆಂಪಾಯಿತು, ಆಮೇಲೆ ಕಿವಿ. ಪುಟ್ಟಿ ಗಡಿಯಾರವನ್ನು ಗುರಾಣಿಯ ಹಾಗೆ ಎದೆಗೆ ಹಿಡಿದಳು.

"ಬನ್ನಿ ಬನ್ನಿ! ಕಲಾವಿದೆಯ ಅಕ್ಕ!" ಮೇಡಂ ಅಕ್ಕನ ಕೈ ಹಿಡಿದು ಎಳೆದು ತಂದರು. "ನಿಮ್ಮ ತಂಗಿ ಬೆಳಗ್ಗೆಯಿಂದ ಊಟ ಇಲ್ಲದೆ ಕೂತು ಮಾಡಿದ್ದು. ಮೊದಲ ಬಹುಮಾನ!"

ಅಕ್ಕ ಚೀಟಿ ಓದಿದಳು. ಕುರ್ತಾ ನೋಡಿದಳು. ಕೈ ತಟ್ಟುತ್ತಿದ್ದ ಜನರನ್ನು ನೋಡಿದಳು. ಕಿವಿಯ ಕೆಂಪು ನಿಧಾನಕ್ಕೆ ಇಳಿದು ಕಣ್ಣಿಗೆ ಬಂತು, ನೀರಾಗಿ.

"ಪುಟ್ಟೀ... ನನಗೋಸ್ಕರ ಮಾಡಿದ್ಯೇನೇ?"

ಪುಟ್ಟಿ ತುಟಿ ಅಲ್ಲಾಡಿಸಿದಳು.

"ನಾಳೆಗೆ ಅಂತ? ಬರೀ ಬಿಳಿ ಹಾಕ್ಕೊಂಡು ನಿಂತ್ರೆ ನರ್ಸಮ್ಮನ ಥರ ಕಾಣ್ತೀನೇನೋ ಅಂತ ನನಗೂ ಒಳಗೊಳಗೇ ಇತ್ತು ಕಣೇ. ನಿನಗೆ ಹೇಗೆ ಗೊತ್ತಾಯ್ತು?" ಅಕ್ಕ ತಂಗಿಯನ್ನು ತಬ್ಬಿಕೊಂಡಳು. ನಡುವೆ ಗಡಿಯಾರ ಟಿಕ್ ಟಿಕ್ ಎಂದಿತು. "ಇದನ್ನೇ ಹಾಕ್ಕೊಂಡು ಹೋಗ್ತೀನಿ. ಮುನ್ನೂರು ಜನರ ಮುಂದೆ ದೊಡ್ಡ ಲೈಟಿನ ಕೆಳಗೆ ನಿಂತು, ನನ್ನ ತಂಗಿ ಮಾಡಿದ್ದು ಅಂತ ಮೊದಲು ಹೇಳಿ, ಆಮೇಲೇ ಭಾಷಣ."

ಎಂಥ ಸುಖದ ಘಳಿಗೆ! ಅಕ್ಕ ಬಯ್ಯಲಿಲ್ಲ, ಕದ್ದು ತೊಟ್ಟದ್ದು ತಿಳಿಯಲಿಲ್ಲ, ಮೇಲೆ ಬಹುಮಾನ ಬೇರೆ. ಪುಟ್ಟಿ ಮಾಡಬೇಕಾದದ್ದು ಇಷ್ಟೇ, ಬಾಯಿ ಮುಚ್ಚಿಕೊಂಡು ಇರುವುದು. ಹುಟ್ಟಿದಾಗಿನಿಂದ ಅವಳು ಪಳಗಿದ್ದ ಏಕೈಕ ವಿದ್ಯೆ ಅದು.

ಆದರೆ ಕಣ್ಣ ಮುಂದೆ ನಾಳೆ ಬಂದು ನಿಂತಿತು. ಮುನ್ನೂರು ಜನ ಅಂಗಡಿಯವರು. ಜೀವಮಾನವೆಲ್ಲ ಸೋಪು ಮಾರಿ, ಗಿರಾಕಿಗಳ ದೂರು ಕೇಳಿ, ಎಣ್ಣೆ ಯಾವುದು, ತುಕ್ಕು ಯಾವುದು, ಇಸ್ತ್ರಿ ಎಲ್ಲಿ ಕೂತಿದೆ ಎಂದು ಮೂರು ಮಾರು ದೂರದಿಂದ ಹೇಳಬಲ್ಲವರು. ಅವರೆದುರು ಕಿತ್ತಳೆ ನದಿ, ಕಂದು ದಡ ಮೈಮೇಲೆ ಹೊತ್ತು, ಎರಡು ಕೈ ಅಗಲ ಮಾಡಿ, ಅಕ್ಕ: "ನಮ್ಮ ಪುಡಿ ಇರೋ ಮನೇಲಿ ಕಲೆಗೆ ಜಾಗ ಇಲ್ಲ!"

ಪುಟ್ಟಿ ಮೈಕು ಎಳೆದುಕೊಂಡಳು.

"ಅಕ್ಕಾ, ಅದು ಕಲೆ! ಬರೀ ಕಲೆ!"

ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಒಂದೇ ಮಾತಲ್ಲಿ ಎಲ್ಲ ಹೇಳಿಬಿಟ್ಟಳು," ಎಂದು ಡ್ರಾಯಿಂಗ್ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಕ್ಕ ಹೆಮ್ಮೆಯಿಂದ ಗೋಡೆಯ ಗುಂಡುಪಿನ್ನುಗಳನ್ನು ಒಂದೊಂದಾಗಿ ಬಿಡಿಸತೊಡಗಿದ್ದಳು. ಇನ್ನೊಂದು ಪಿನ್ನು ಬಾಕಿ. ಪುಟ್ಟಿ ಗಡಿಯಾರವನ್ನು ಕೆಳಗಿಟ್ಟು, ಮೈಕನ್ನು ಎರಡು ಕೈಯಲ್ಲೂ ಹಿಡಿದು, ಇಪ್ಪತ್ತೆರಡು ವರ್ಷ ಒಳಗೇ ಕೂಡಿಟ್ಟಿದ್ದ ದನಿಯನ್ನೆಲ್ಲ ಒಂದೇ ಸಲಕ್ಕೆ ಹೊರಗೆ ಬಿಟ್ಟಳು.

"ಅಯ್ಯೋ ಅಕ್ಕಾ, ಅದು ಕಲೆ ಅಲ್ಲ... ಕಲೆ!"